ವಿದ್ವತ್ತಿದ್ದರೆ ಪಾಠ ತಾನಾಗಿ ಬರುತ್ತದೆ ಎಂಬ ನಂಬಿಕೆ

ವಿಷಯ ಬಲ್ಲವರಿಗೆ ಪಾಠ ಹೇಳುವುದು ತಾನಾಗಿ ಬರುತ್ತದೆ, ಬಾರದವರಿಗೆ ಎಷ್ಟು ಹೇಳಿಕೊಟ್ಟರೂ ಬರುವುದಿಲ್ಲ. ವಿಶ್ವವಿದ್ಯಾಲಯಗಳ ನೇಮಕಾತಿ, ಬಡ್ತಿ, ವೇಳಾಪಟ್ಟಿ ಎಲ್ಲವೂ ಈ ಒಂದು ನಂಬಿಕೆಯ ಮೇಲೆ ನಿಂತಿವೆ. ಹುಬ್ಬಳ್ಳಿ-ಧಾರವಾಡದಲ್ಲಿ ಇದಕ್ಕೆ ಇನ್ನಷ್ಟು ಬಲವಿದೆ. ದೊಡ್ಡ ವಿದ್ವಾಂಸರು ಪಾಠ ಹೇಳಿದ ಊರು ಇದು. ಅವರಲ್ಲಿ ಯಾರೂ ಬೋಧನೆಯ ತರಬೇತಿ ಪಡೆದವರಲ್ಲ ಎಂಬ ಮಾತು ಸ್ಟಾಫ್ ರೂಮುಗಳಲ್ಲಿ ಸಿದ್ಧ ಉತ್ತರವಾಗಿ ಬರುತ್ತದೆ. ಆದರೆ ಈ ನಂಬಿಕೆಗೆ ಆಧಾರವಿಲ್ಲ. ಅದರ ನಷ್ಟವನ್ನು ಹೊರುತ್ತಿರುವವರು ನವಲಗುಂದ, ಕಲಘಟಗಿ, ಹಾವೇರಿ, ಗದಗದ ಕಡೆಯಿಂದ ಬೆಳಗಿನ ಬಸ್ಸು ಹಿಡಿದು ತರಗತಿಗೆ ಬರುವ ವಿದ್ಯಾರ್ಥಿಗಳು.

ಇದೇ ಧಾರವಾಡದಲ್ಲಿ ಕನ್ನಡ ಶಾಲೆಯ ಮಾಸ್ತರರಿಗೆ ತರಬೇತಿ ಕೊಡುವ ಪದ್ಧತಿ 19ನೆಯ ಶತಮಾನದಷ್ಟು ಹಳೆಯದು. ಶಿಕ್ಷಣ ಇಲಾಖೆಯ ಅಧಿಕಾರಿಯಾಗಿದ್ದ ಡೆಪ್ಯೂಟಿ ಚನ್ನಬಸಪ್ಪನವರ ಕಾಲದಲ್ಲಿ ಕನ್ನಡ ಶಾಲೆಗಳು ಬೆಳೆದಂತೆ ಅವುಗಳಿಗೆ ಮಾಸ್ತರರನ್ನು ತಯಾರು ಮಾಡುವ ಟ್ರೇನಿಂಗ್ ಕಾಲೇಜೂ ಬೆಳೆಯಿತು. ಪಾಠ ಟಿಪ್ಪಣಿ ಬರೆಯಬೇಕು, ಹಿರಿಯರ ಎದುರು ಪಾಠ ಮಾಡಿ ತೋರಿಸಬೇಕು, ಅವರು ಹೇಳಿದ ತಿದ್ದುಪಡಿಯೊಂದಿಗೆ ಮತ್ತೆ ಮಾಡಬೇಕು ಎಂಬ ಕ್ರಮ ಅಲ್ಲಿಂದ ಇಂದಿನ ಡಿ.ಇಡಿ., ಬಿ.ಇಡಿ.ವರೆಗೂ ಮುಂದುವರಿದಿದೆ. ಒಂದನೆಯ ತರಗತಿಯ ಮಗುವಿಗೆ ಕಾಗುಣಿತ ಹೇಳಿಕೊಡಲು ಇಷ್ಟು ಸಿದ್ಧತೆ ಬೇಕು ಎಂದು ಕಾನೂನೇ ಹೇಳುತ್ತದೆ. ಎಂ.ಎಸ್ಸಿ. ತರಗತಿಗೆ ಕ್ವಾಂಟಮ್ ಮೆಕ್ಯಾನಿಕ್ಸ್ ಹೇಳುವವರಿಗೆ ಅಂಥ ಒಂದು ದಿನದ ಅಭ್ಯಾಸವೂ ನೇಮಕಾತಿಯ ಷರತ್ತಲ್ಲ. 2023ರ ಜುಲೈಯಿಂದ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಸ್ನಾತಕೋತ್ತರ ಪದವಿಯ ಜೊತೆ ನೆಟ್ ಅಥವಾ ಸೆಟ್ ಕನಿಷ್ಠ ಅರ್ಹತೆ, ಪಿಎಚ್.ಡಿ. ಐಚ್ಛಿಕ. ನೆಟ್‌ನ ಮೊದಲ ಪತ್ರಿಕೆಯಲ್ಲಿ 50 ಪ್ರಶ್ನೆಗಳಿದ್ದು, ಪಠ್ಯದ 10 ಘಟಕಗಳಲ್ಲಿ ಒಂದು ಬೋಧನಾ ಸಾಮರ್ಥ್ಯಕ್ಕೆ ಸಂಬಂಧಿಸಿದ್ದು. ನಾಲ್ಕು ಆಯ್ಕೆಗಳಲ್ಲಿ ಸರಿಯಾದದ್ದನ್ನು ಗುರುತಿಸಿದವರು ತರಗತಿಯನ್ನು ನಿಭಾಯಿಸಬಲ್ಲರು ಎಂದು ಅದರಿಂದ ಹೇಳಲಾಗದು. ಆದರೂ ಸಹಾಯಕ ಪ್ರಾಧ್ಯಾಪಕರು ಕೆಲಸಕ್ಕೆ ಸೇರಿದ ವಾರದಲ್ಲೇ ವಾರಕ್ಕೆ 16 ಗಂಟೆಗಳ ಪಾಠದ ಹೊರೆ ಅವರ ಹೆಗಲಿಗೆ ಬೀಳುತ್ತದೆ.

ಈ ಕೊರತೆಯನ್ನು ಹಿಂದಿನವರು ಗಮನಿಸದೇ ಇರಲಿಲ್ಲ. 1964-66ರ ಕೊಠಾರಿ ಆಯೋಗವೇ ಹೊಸ ಉಪನ್ಯಾಸಕರಿಗೆ ವಿಶ್ವವಿದ್ಯಾಲಯಗಳು ಪೂರ್ವಸಿದ್ಧತೆಯ ಶಿಬಿರಗಳನ್ನು ನಡೆಸಬೇಕೆಂದು ಶಿಫಾರಸು ಮಾಡಿತ್ತು.

ಆದರೂ ನಂಬಿಕೆ ಅಲುಗಲಿಲ್ಲ. ಹಳೆಯ ಗುರುಗಳ ಉದಾಹರಣೆಯನ್ನು ಮೊದಲು ನೋಡಬೇಕು, ಏಕೆಂದರೆ ಈ ನಂಬಿಕೆಯ ಜೀವ ಅಲ್ಲಿದೆ. 1917ರಲ್ಲಿ ಆರಂಭವಾದ ಕರ್ನಾಟಕ ಕಾಲೇಜು, 1949ರಲ್ಲಿ ಸ್ಥಾಪನೆಯಾದ ಕರ್ನಾಟಕ ವಿಶ್ವವಿದ್ಯಾಲಯ, 1954ರಿಂದ 1967ರವರೆಗೆ ಅದನ್ನು ಕಟ್ಟಿದ ಡಿ.ಸಿ. ಪಾವಟೆಯವರ ಆಡಳಿತ, ವಿ.ಕೃ. ಗೋಕಾಕ, ಅರ್ಮಾಂಡೊ ಮೆನೆಜಿಸ್, ಆರ್.ಸಿ. ಹಿರೇಮಠ, ಎಂ.ಎಂ. ಕಲಬುರ್ಗಿಯವರಂಥ ಅಧ್ಯಾಪಕರು: ಈ ಪರಂಪರೆ ನಿಜ, ಅದರ ಹಿರಿಮೆಯೂ ನಿಜ. ಆದರೆ ಅದರಿಂದ ಎಳೆದ ತೀರ್ಮಾನ ನಿಲ್ಲುವುದಿಲ್ಲ. ಅಂದು ಕಾಲೇಜಿನ ಹೊಸ್ತಿಲು ದಾಟಿದವರೇ ಕೆಲವರು. ಹೈಸ್ಕೂಲು, ಇಂಟರ್‌ಮೀಡಿಯೆಟ್‌ಗಳ ಜರಡಿಯಲ್ಲಿ ಉಳಿದು, ಇಂಗ್ಲಿಷ್ ಓದಿ ಅರ್ಥ ಮಾಡಿಕೊಳ್ಳಬಲ್ಲವರೇ ಅಲ್ಲಿ ಕೂಡುತ್ತಿದ್ದರು. ಅಂಥ ವಿದ್ಯಾರ್ಥಿ ಕೆಟ್ಟ ಪಾಠವನ್ನೂ ಗ್ರಂಥಾಲಯದಲ್ಲಿ ಕೂತು ಸರಿಪಡಿಸಿಕೊಳ್ಳುತ್ತಿದ್ದ. ಇನ್ನೊಂದು ಕಾರಣ ನೆನಪಿನದು. ಮೂರು ವರ್ಷ ಹಳೆಯ ನೋಟ್ಸನ್ನೇ ಓದಿ ಹೋದ ಅಧ್ಯಾಪಕರ ಹೆಸರನ್ನು ಯಾವ ಶಿಷ್ಯನೂ ಅಭಿನಂದನ ಗ್ರಂಥದಲ್ಲಿ ಬರೆಯುವುದಿಲ್ಲ. ಉಳಿದಿರುವುದು ಶ್ರೇಷ್ಠರ ಹೆಸರು ಮಾತ್ರ. ಮರೆತುಹೋದವರನ್ನೂ ಲೆಕ್ಕಕ್ಕೆ ಹಿಡಿಯದೆ ಅಂದು ಎಲ್ಲರಿಗೂ ಪಾಠ ಬರುತ್ತಿತ್ತು ಎನ್ನುವುದು ನ್ಯಾಯವಲ್ಲ. ಶ್ರೇಷ್ಠರಿಗೂ ಅದು ಹುಟ್ಟಿನಿಂದ ಬಂದ ವರವೆಂದು ಹೇಳುವುದು ಅವರ ದುಡಿಮೆಗೆ ಮಾಡುವ ಅವಮಾನ. ಅವರು ಯಾರದೋ ಪಾಠ ಕೇಳಿ, ವರ್ಷಗಟ್ಟಲೆ ತಿದ್ದಿಕೊಂಡು ಕಲಿತರು. ಆ ತಿದ್ದುವಿಕೆ ದಾಖಲಾಗಲಿಲ್ಲ, ಅಷ್ಟೇ.

ಸಂಶೋಧನೆ ಚೆನ್ನಾಗಿದ್ದರೆ ಬೋಧನೆಯೂ ಚೆನ್ನಾಗಿರುತ್ತದೆ ಎಂಬುದು ಅದೇ ನಂಬಿಕೆಯ ಇನ್ನೊಂದು ರೂಪ. ಇದನ್ನು ಅಳೆದು ನೋಡಿದವರಿದ್ದಾರೆ. ಜಾನ್ ಹ್ಯಾಟಿ ಮತ್ತು ಹರ್ಬರ್ಟ್ ಮಾರ್ಷ್ 1996ರಲ್ಲಿ 58 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಸಂಶೋಧನೆಗೂ ಬೋಧನೆಗೂ ಇರುವ ಸಹಸಂಬಂಧ ಸರಾಸರಿ 0.06 ಮಾತ್ರ ಎಂದು ಕಂಡಿತು. ಅಂದರೆ ಬಹುಮಟ್ಟಿಗೆ ಸಂಬಂಧವೇ ಇಲ್ಲ. ಸಂಶೋಧನೆ ಮಾಡುವವರು ಕೆಟ್ಟ ಅಧ್ಯಾಪಕರು ಎಂದು ಇದರ ಅರ್ಥವಲ್ಲ. ಒಂದನ್ನು ನೋಡಿ ಇನ್ನೊಂದನ್ನು ಊಹಿಸಲಾಗದು ಎಂದು ಅರ್ಥ. ನೇಮಕಾತಿ ಸಮಿತಿಗಳು ಪ್ರಕಟಣೆಗಳನ್ನು ಎಣಿಸಿ ಅಧ್ಯಾಪಕರನ್ನು ಆರಿಸುವಾಗ ಮಾಡುತ್ತಿರುವುದು ಅದೇ ಊಹೆ.

ಇದಕ್ಕಿಂತ ಬಲವಾದ ಸಾಕ್ಷ್ಯ ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ್ದು. ಭೌತವಿಜ್ಞಾನದ ನೊಬೆಲ್ ಪುರಸ್ಕೃತ ಕಾರ್ಲ್ ವೀಮನ್ ಮತ್ತು ಸಂಗಡಿಗರು 2011ರಲ್ಲಿ ಅದನ್ನು ಪ್ರಕಟಿಸಿದರು. ಮೊದಲ ವರ್ಷದ ಭೌತವಿಜ್ಞಾನದ ಎರಡು ದೊಡ್ಡ ತರಗತಿಗಳು, ಒಂದೊಂದರಲ್ಲೂ 260ಕ್ಕಿಂತ ಹೆಚ್ಚು ವಿದ್ಯಾರ್ಥಿಗಳು. ಒಂದು ವಾರದ ಮಟ್ಟಿಗೆ ಒಂದು ತರಗತಿಗೆ ವಿದ್ಯಾರ್ಥಿಗಳು ಬಹುವಾಗಿ ಮೆಚ್ಚಿದ, ಅನುಭವಿ ಪ್ರಾಧ್ಯಾಪಕರು ಎಂದಿನಂತೆ ಉಪನ್ಯಾಸ ಕೊಟ್ಟರು. ಇನ್ನೊಂದಕ್ಕೆ ಪಾಠ ಮಾಡಿ ಅಷ್ಟೇನೂ ಅನುಭವವಿಲ್ಲದ, ಆದರೆ ಪ್ರಶ್ನೆ, ಚರ್ಚೆ, ತಕ್ಷಣದ ಪ್ರತಿಕ್ರಿಯೆಗಳ ಮೂಲಕ ಕಲಿಸುವ ವಿಧಾನದಲ್ಲಿ ತರಬೇತಾದ ಕಿರಿಯ ಸಂಶೋಧಕರು ಹೋದರು. ಪಾಠದ ವಿಷಯ ಒಂದೇ, ಸಮಯವೂ ಅಷ್ಟೇ. ಬಳಿಕ ನಡೆದ ಪರೀಕ್ಷೆಯಲ್ಲಿ ಅನುಭವಿಗಳ ತರಗತಿಯ ಸರಾಸರಿ 41 ಪ್ರತಿಶತ, ಕಿರಿಯರ ತರಗತಿಯದು 74. ಒಂದು ವಾರದ ಪ್ರಯೋಗದಿಂದ ಎಲ್ಲವನ್ನೂ ಹೇಳಲಾಗದು ಎಂಬ ಆಕ್ಷೇಪಕ್ಕೆ ಬೆಲೆಯಿದೆ. ಆದರೆ 2014ರಲ್ಲಿ ವಿಜ್ಞಾನ, ಎಂಜಿನಿಯರಿಂಗ್, ಗಣಿತದ 225 ಅಧ್ಯಯನಗಳನ್ನು ಸ್ಕಾಟ್ ಫ್ರೀಮನ್ ಮತ್ತು ಸಂಗಡಿಗರು ಒಟ್ಟಾಗಿ ನೋಡಿದಾಗಲೂ ದಿಕ್ಕು ಅದೇ ಆಗಿತ್ತು: ಬರೀ ಉಪನ್ಯಾಸದ ತರಗತಿಗಳಲ್ಲಿ ನಪಾಸಾದವರು 33.8 ಪ್ರತಿಶತ, ವಿದ್ಯಾರ್ಥಿಗಳನ್ನು ತೊಡಗಿಸಿಕೊಂಡ ತರಗತಿಗಳಲ್ಲಿ 21.8.

ಈ ತೊಡಗಿಸಿಕೊಳ್ಳುವಿಕೆ ಎಂದರೆ ಏನು ಎಂಬುದನ್ನು ಹತ್ತಿರದಿಂದ ನೋಡದೆ ಹೋದರೆ ಅದು ಬರೀ ಘೋಷಣೆಯಾಗಿಬಿಡುತ್ತದೆ. ಅರ್ಥಶಾಸ್ತ್ರದ ತರಗತಿಯಲ್ಲಿ ಬೇಡಿಕೆಯ ಸ್ಥಿತಿಸ್ಥಾಪಕತ್ವದ ಪಾಠವನ್ನು ತೆಗೆದುಕೊಳ್ಳಬಹುದು. ರೂಢಿಯ ಪಾಠದಲ್ಲಿ ವ್ಯಾಖ್ಯೆ ಬರುತ್ತದೆ, ಸೂತ್ರ ಬರುತ್ತದೆ, ಬೋರ್ಡಿನ ಮೇಲೆ ಎರಡು ರೇಖೆ ಬರುತ್ತವೆ, ಎಲ್ಲರೂ ಬರೆದುಕೊಳ್ಳುತ್ತಾರೆ. ತರಬೇತಾದ ಅಧ್ಯಾಪಕರು ಬೇರೆ ಕಡೆಯಿಂದ ಹೊರಡುತ್ತಾರೆ. ಮಳೆ ಕೈಕೊಟ್ಟು ಉಳ್ಳಾಗಡ್ಡಿಯ ಇಳುವರಿ ಎಲ್ಲ ಕಡೆಯೂ ಅರ್ಧಕ್ಕೆ ಇಳಿದಿದೆ, ಹುಬ್ಬಳ್ಳಿಯ ಅಮರಗೋಳದ ಎಪಿಎಂಸಿಗೆ ಬಂದ ಮಾಲೂ ಅರ್ಧ. ಬೆಳೆಗಾರರೆಲ್ಲರ ಕೈಗೆ ಬರುವ ಒಟ್ಟು ಹಣ ಹಿಂದಿಗಿಂತ ಹೆಚ್ಚೋ, ಕಡಿಮೆಯೋ, ಅಷ್ಟೇಯೋ? ಒಂದು, ಎರಡು, ಮೂರು ಬೆರಳುಗಳಲ್ಲಿ ಉತ್ತರ. ಮಾಲು ಅರ್ಧವಾದ ಮೇಲೆ ಹಣವೂ ಕಡಿಮೆಯೇ ಎಂದು ಕೆಲವರು ಎರಡು ಬೆರಳು ಎತ್ತುತ್ತಾರೆ. ಮಾಲು ಅರ್ಧವಾದರೆ ದರ ಎರಡು ಪಟ್ಟು, ಲೆಕ್ಕ ಸರಿಹೋಗುತ್ತದೆ ಎಂದು ಕೆಲವರು ಮೂರು. ಅಧ್ಯಾಪಕರು ಉತ್ತರ ಹೇಳುವುದಿಲ್ಲ. ಪಕ್ಕದವರನ್ನು ಒಪ್ಪಿಸಿ ಎನ್ನುತ್ತಾರೆ. ಎರಡು ನಿಮಿಷ ತರಗತಿ ಗದ್ದಲ. ಮನೆಯಲ್ಲಿ ಬೆಳೆ ತೆಗೆದವರ ಮಗಳು ಅಲ್ಲಿದ್ದರೆ, ನಾಸಿಕದ ಕಡೆ ಬೆಳೆ ಚಲೋ ಬಂದು ಮಾಲು ಇಲ್ಲಿಗೂ ಬಂದರೆ ದರ ಏರುವುದೇ ಇಲ್ಲ, ಆಗ ನಮ್ಮವರಿಗೆ ಎರಡೂ ಕಡೆಯಿಂದ ನಷ್ಟ ಎಂದು ಹೇಳಬಹುದು. ಪ್ರಶ್ನೆಯಲ್ಲಿ ಎಲ್ಲ ಕಡೆಯೂ ಎಂಬ ಮಾತು ಏಕಿದೆ ಎಂಬುದು ಆಗ ತರಗತಿಗೆ ಹೊಳೆಯುತ್ತದೆ. ಮತ್ತೆ ಬೆರಳು. ಊಟಕ್ಕೆ ಉಳ್ಳಾಗಡ್ಡಿ ಬಿಟ್ಟಿರಲಾಗದವರು ದರ ಏರಿದರೂ ಕೊಳ್ಳುತ್ತಾರೆ, ದರ ಎರಡು ಪಟ್ಟಿಗಿಂತ ಹೆಚ್ಚೇ ಏರುತ್ತದೆ, ಒಟ್ಟು ಹಣ ಹೆಚ್ಚಾಗುತ್ತದೆ ಎಂಬುದು ಬಿಚ್ಚಿಕೊಂಡ ಮೇಲೆ ಸೂತ್ರ ಬೋರ್ಡಿಗೆ ಬರುತ್ತದೆ. ಅಷ್ಟು ಹೊತ್ತಿಗೆ ಆ ಸೂತ್ರ ಯಾವ ಪ್ರಶ್ನೆಗೆ ಉತ್ತರ ಎಂಬುದು ವಿದ್ಯಾರ್ಥಿಗೆ ತಿಳಿದಿರುತ್ತದೆ.

ಈ ಹದಿನೈದು ನಿಮಿಷದಲ್ಲಿ ಕಲಿಯಬೇಕಾದ ಕೌಶಲ ಎಷ್ಟಿದೆ ಎಂಬುದನ್ನು ಗಮನಿಸಬೇಕು. ಒಂದೊಂದು ತಪ್ಪು ಉತ್ತರವೂ ಒಂದೊಂದು ನಿಜವಾದ ಗೊಂದಲದಿಂದ ಹುಟ್ಟುವಂತೆ ಪ್ರಶ್ನೆಯನ್ನು ಕಟ್ಟಬೇಕು. ಯಾವ ಗೊಂದಲ ಎಲ್ಲಿ ಹುಟ್ಟುತ್ತದೆ ಎಂಬುದು ವಿಷಯ ಬಲ್ಲ ಮಾತ್ರಕ್ಕೆ ತಿಳಿಯುವುದಿಲ್ಲ. ಹೆಚ್ಚು ಬಲ್ಲವರಿಗೆ ತಾವೇ ಹಿಂದೆ ಎಲ್ಲಿ ಎಡವಿದ್ದೆವು ಎಂಬುದು ಮರೆತಿರುತ್ತದೆ. ಉತ್ತರ ಬಾಯಿಗೆ ಬಂದರೂ ತಡೆದು ನಿಲ್ಲಬೇಕು. ಅಮೆರಿಕದ ಮೇರಿ ಬಡ್ ರೋ 1970ರ ದಶಕದಲ್ಲಿ ಶಾಲೆಗಳ ವಿಜ್ಞಾನ ಪಾಠಗಳನ್ನು ಧ್ವನಿಮುದ್ರಿಸಿ ಕೇಳಿದಾಗ, ಶಿಕ್ಷಕರು ಪ್ರಶ್ನೆ ಕೇಳಿ ಸುಮಾರು ಒಂದು ಸೆಕೆಂಡು ಮಾತ್ರ ಕಾಯುತ್ತಿದ್ದರು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು, ಸುಮ್ಮನಿರುತ್ತಿದ್ದವರು ಮಾತಾಡತೊಡಗಿದರು. ಈ ಎರಡು ಸೆಕೆಂಡು ಯಾರಿಗೂ ಹುಟ್ಟಿನಿಂದ ಬಂದಿರುವುದಿಲ್ಲ. ಯಾರಾದರೂ ತರಗತಿಯ ಹಿಂದೆ ಕೂತು, ಕಾಯಲಿಲ್ಲ ನೋಡಿ, ಎಂದು ಹೇಳಿದಾಗಲೇ ಅದು ಬರುವುದು.

ಧಾರವಾಡದಲ್ಲಿ ಇದರ ಜೊತೆಗೆ ಭಾಷೆಯ ಪ್ರಶ್ನೆಯೂ ಇದೆ. ಬಿ.ಎ.ವರೆಗೆ ಕನ್ನಡದಲ್ಲಿ ಓದಿ ಬಂದವರ ಮುಂದೆ ಎಂ.ಎ.ಯಲ್ಲಿ ಇಂಗ್ಲಿಷ್ ಪುಸ್ತಕಗಳು ಬಂದು ನಿಲ್ಲುತ್ತವೆ. ಇಂಥ ಕಡೆ ರೂಢಿಯ ಪರಿಹಾರ ಡಿಕ್ಟೇಶನ್: ಅಧ್ಯಾಪಕರು ಸಿದ್ಧ ವಾಕ್ಯ ಹೇಳುತ್ತಾರೆ, ವಿದ್ಯಾರ್ಥಿ ಅರ್ಥವಾಗದೆಯೂ ಬರೆದುಕೊಳ್ಳುತ್ತಾನೆ, ಪರೀಕ್ಷೆಯಲ್ಲಿ ಹಾಗೇ ಇಳಿಸುತ್ತಾನೆ. ಎರಡು ಭಾಷೆಗಳ ನಡುವೆ ಓಡಾಡುತ್ತ ಪಾಠ ಕಟ್ಟುವುದು, ಚರ್ಚೆಯನ್ನು ಕನ್ನಡದಲ್ಲಿ ಬಿಟ್ಟು ಪಾರಿಭಾಷಿಕ ಪದಗಳನ್ನು ಎರಡರಲ್ಲೂ ನೆಲೆಗೊಳಿಸುವುದು, ಇಂಗ್ಲಿಷ್ ಪುಟವೊಂದನ್ನು ತರಗತಿಯಲ್ಲೇ ಕೂಡಿ ಓದುವುದನ್ನು ರೂಢಿಸುವುದು: ಇವು ನಿರ್ದಿಷ್ಟವಾದ, ಕಲಿಯಬಹುದಾದ ವಿದ್ಯೆಗಳು. ದಿಲ್ಲಿಯಿಂದ ಬರುವ ಯಾವ ತರಬೇತಿಯ ಕೈಪಿಡಿಯೂ ಇವನ್ನು ಧಾರವಾಡಕ್ಕಾಗಿ ಬರೆದುಕೊಡುವುದಿಲ್ಲ. ಇವು ಇಲ್ಲಿನ ವಿಭಾಗಗಳಲ್ಲೇ ಬೆಳೆಯಬೇಕು.

ವಿದ್ಯಾರ್ಥಿಗಳೇ ನೋಟ್ಸ್ ಕೇಳುತ್ತಾರೆ, ಚರ್ಚೆಗೆ ಒಲ್ಲೆ ಎನ್ನುತ್ತಾರೆ ಎಂಬ ಉತ್ತರ ಇಲ್ಲಿ ಬರುತ್ತದೆ. ಕೇಳುತ್ತಾರೆ, ನಿಜ. ಹಾರ್ವರ್ಡ್‌ನಲ್ಲಿ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲೂ ಚಂದದ ಉಪನ್ಯಾಸ ಕೇಳಿದವರಿಗೆ ತಾವು ಹೆಚ್ಚು ಕಲಿತೆವು ಎನಿಸಿತ್ತು. ಪರೀಕ್ಷೆಯಲ್ಲಿ ಹೆಚ್ಚು ಅಂಕ ಬಂದದ್ದು ಕಷ್ಟಪಟ್ಟು ತಾವೇ ಬಿಡಿಸಿದವರಿಗೆ. ವಿದ್ಯಾರ್ಥಿಯ ಬೇಡಿಕೆಯ ಹಿಂದೆ ಪ್ರಶ್ನೆಪತ್ರಿಕೆಯೂ ಇದೆ. ಬಾಯಿಪಾಠಕ್ಕೇ ಅಂಕ ಸಿಗುವಷ್ಟು ದಿನ ನೋಟ್ಸ್ ಕೇಳುವುದರಲ್ಲಿ ಅವರ ತಪ್ಪಿಲ್ಲ. ಪ್ರಶ್ನೆಪತ್ರಿಕೆ ತೆಗೆಯುವುದೂ ಹೊಸ ಅಧ್ಯಾಪಕರು ಕಲಿಯಬೇಕಾದ ಕೆಲಸವೇ. ಅದನ್ನೂ ಯಾರೂ ಹೇಳಿಕೊಡುವುದಿಲ್ಲ. ಹಿಂದಿನ ವರ್ಷಗಳ ಪತ್ರಿಕೆ ನೋಡಿ ಹೊಸದು ತಯಾರಾಗುತ್ತದೆ.

ಈ ನಂಬಿಕೆಯನ್ನು ಬಿಟ್ಟುಕೊಟ್ಟವರೂ ಇನ್ನೊಂದು ಸಮಾಧಾನದಲ್ಲಿ ನಿಲ್ಲುತ್ತಾರೆ: ತರಬೇತಿ ಈಗಾಗಲೇ ಇದೆಯಲ್ಲ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಬೆನ್ನಿಗೆ ಯುಜಿಸಿ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳನ್ನು ತೆರೆಯಿತು. 2015ರಲ್ಲಿ ಅವು ಮಾನವ ಸಂಪನ್ಮೂಲ ಅಭಿವೃದ್ಧಿ ಕೇಂದ್ರಗಳಾದವು, 2023ರಲ್ಲಿ ಮಾಳವೀಯ ಮಿಷನ್ ಶಿಕ್ಷಕರ ತರಬೇತಿ ಕೇಂದ್ರಗಳಾದವು. ಹೊಸಬರ ಒಂದು ತಿಂಗಳ ಪ್ರವೇಶ ತರಬೇತಿಗಾಗಿ ಯುಜಿಸಿಯ ಗುರುದಕ್ಷತಾ ಎಂಬ ಮಾರ್ಗದರ್ಶಿಯೂ ಇದೆ. ಆ ಮಾರ್ಗದರ್ಶಿಯಲ್ಲಿ ಹುರುಳಿಲ್ಲ ಎನ್ನುವಂತಿಲ್ಲ. ತಪ್ಪಿರುವುದು ಇಡೀ ವ್ಯವಸ್ಥೆಯ ರಚನೆಯಲ್ಲಿ. ಈ ತರಬೇತಿ ಬಡ್ತಿಯ ಷರತ್ತು, ಪಾಠ ಆರಂಭಿಸುವ ಷರತ್ತಲ್ಲ. ಹಾಗಾಗಿ ಬಹಳ ಮಂದಿ ಅದನ್ನು ಸೇವೆಗೆ ಸೇರಿದ ಮೊದಲ ತಿಂಗಳಲ್ಲಿ ಮಾಡದೆ, ಬಡ್ತಿಯ ಅರ್ಜಿ ಹತ್ತಿರ ಬಂದಾಗ ಮಾಡುತ್ತಾರೆ. ಅಷ್ಟರಲ್ಲಿ ರೂಢಿಗಳು ಗಟ್ಟಿಯಾಗಿರುತ್ತವೆ. ಸಂಸ್ಕೃತ, ಸಸ್ಯವಿಜ್ಞಾನ, ವಾಣಿಜ್ಯ ಎಲ್ಲ ಒಂದೇ ಸಭಾಂಗಣದಲ್ಲಿ. ಬಂದ ಸಂಪನ್ಮೂಲ ವ್ಯಕ್ತಿಗಳು ಉಪನ್ಯಾಸ ಕೊಟ್ಟು ಹೋಗುತ್ತಾರೆ. ಕೋವಿಡ್ ನಂತರ ಬಹುಪಾಲು ಆನ್‌ಲೈನ್‌ಗೆ ಹೋಗಿ, ಹಾಜರಿ ಬಿದ್ದರೆ ಸಾಕು ಎಂಬಲ್ಲಿಗೆ ಬಂದಿದೆ. ಶಿಬಿರ ಮುಗಿಸಿ ಬಂದವರು ಮರುದಿನ ತಮ್ಮ ತರಗತಿಯಲ್ಲಿ ಏನು ಬದಲಿಸಿದರು ಎಂದು ಯಾರೂ ಹೋಗಿ ನೋಡುವುದಿಲ್ಲ. ನೋಡದೆ ಕೊಡುವ ಪ್ರಮಾಣಪತ್ರ ಹಾಜರಿಗೆ ಮಾತ್ರ ಸಾಕ್ಷಿ.

ಆಧುನಿಕ ಬೋಧನೆ ಎಂದರೆ ಉಪಕರಣ ಎಂಬ ಭ್ರಮೆಯೂ ಇದರೊಂದಿಗೇ ಬೆಳೆದಿದೆ. ಮಾನ್ಯತೆ ಕೊಡುವ ನ್ಯಾಕ್ ತಂಡ ಬರುವ ಮುಂಚೆ ಸ್ಮಾರ್ಟ್ ಬೋರ್ಡು ಗೋಡೆಗೇರುತ್ತದೆ, ಪಿಪಿಟಿ ತಯಾರಿಸುವ ಕಾರ್ಯಾಗಾರ ನಡೆಯುತ್ತದೆ. ಹಳದಿಯಾದ ನೋಟ್ಸಿನ ವಾಕ್ಯಗಳೇ ಸ್ಲೈಡಿಗೆ ಬಂದರೆ ವಿದ್ಯಾರ್ಥಿಯ ತಲೆಯಲ್ಲಿ ನಡೆಯುವುದು ಬದಲಾಗುವುದಿಲ್ಲ. ಮೇಲೆ ಹೇಳಿದ ಉಳ್ಳಾಗಡ್ಡಿಯ ಪಾಠಕ್ಕೆ ಸೀಮೆಸುಣ್ಣ, ಬೆರಳು ಸಾಕು.

ಬೇರೆ ದಾರಿ ಸಾಧ್ಯ ಎಂಬುದಕ್ಕೆ ಹುಬ್ಬಳ್ಳಿ-ಧಾರವಾಡದಿಂದ ಹೊರಗೆ ಹೋಗಬೇಕಾಗಿಲ್ಲ. ವೈದ್ಯಕೀಯ ಕಾಲೇಜುಗಳಲ್ಲಿ ವೈದ್ಯಕೀಯ ಶಿಕ್ಷಣ ಘಟಕ ಇರಲೇಬೇಕು. ನಿಯಮದ ಪ್ರಕಾರ ವೈದ್ಯಕೀಯ ಬೋಧನಾ ವಿಧಾನದ ಮೂಲ ಕೋರ್ಸು ಮುಗಿಸದೆ ಸಹ ಪ್ರಾಧ್ಯಾಪಕರಾಗುವಂತಿಲ್ಲ. ಕೋರ್ಸು ಕೆಲವೇ ದಿನಗಳದ್ದು, ಆದರೆ ಅದರಲ್ಲಿ ಪ್ರತಿಯೊಬ್ಬರೂ ಸಹೋದ್ಯೋಗಿಗಳ ಮುಂದೆ ಚಿಕ್ಕ ಪಾಠ ಮಾಡಿ ಅಭಿಪ್ರಾಯ ಕೇಳಿಸಿಕೊಳ್ಳಬೇಕು. ಹುಬ್ಬಳ್ಳಿಯ ಶಸ್ತ್ರಚಿಕಿತ್ಸಾ ತಜ್ಞರಿಗೆ ಮರ್ಯಾದೆಗೆ ಕುಂದು ತರದ ಈ ಕ್ರಮ ಧಾರವಾಡದ ಇತಿಹಾಸ ಪ್ರಾಧ್ಯಾಪಕರಿಗೆ ತರುವುದು ಹೇಗೆ?

ಎಂಜಿನಿಯರಿಂಗ್‌ನ ಉದಾಹರಣೆ ಇನ್ನೂ ಸಮೃದ್ಧವಾದದ್ದು. 1947ರಲ್ಲಿ ಆರಂಭವಾದ ಬಿ.ವಿ. ಭೂಮರಡ್ಡಿ ಎಂಜಿನಿಯರಿಂಗ್ ಕಾಲೇಜು ಈಗ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ. ಎಂಜಿನಿಯರಿಂಗ್ ಬೋಧನೆಯ ಸುಧಾರಣೆಯನ್ನೇ ವಿಷಯವಾಗಿಟ್ಟುಕೊಂಡ ಅಂತರರಾಷ್ಟ್ರೀಯ ಸಮ್ಮೇಳನ 2014ರ ಜನವರಿಯಲ್ಲಿ ಈ ಕ್ಯಾಂಪಸ್ಸಿನಲ್ಲಿ ನಡೆಯಿತು. ಬಳಿಕ ಇಲ್ಲಿ ಮೊದಲ ವರ್ಷದವರಿಗೆ ಎಂಜಿನಿಯರಿಂಗ್ ಎಕ್ಸ್‌ಪ್ಲೊರೇಶನ್ ಎಂಬ ಕೋರ್ಸು ಬಂತು: ವಿದ್ಯಾರ್ಥಿಗಳು ಗುಂಪಾಗಿ ಒಂದು ಅಗತ್ಯವನ್ನು ಗುರುತಿಸಿ, ವಿನ್ಯಾಸ ಮಾಡಿ, ನಡೆಯುವ ಮಾದರಿಯೊಂದನ್ನು ಕಟ್ಟಬೇಕು. ಮೆಕ್ಯಾನಿಕಲ್‌ನವರು, ಎಲೆಕ್ಟ್ರಾನಿಕ್ಸ್‌ನವರು ಕೂಡಿ ಕಲಿಸುವ ಪಾಠ ಇದು. ಕಲಿಸುವವರೂ ಕೂಡಿ ಕಲಿಯದೆ ಇದು ನಡೆಯುವುದಿಲ್ಲ. ತಮ್ಮ ತರಗತಿಯಲ್ಲಿ ಏನು ಫಲಿಸಿತು, ಏನು ಫಲಿಸಲಿಲ್ಲ ಎಂಬುದನ್ನೇ ಅಲ್ಲಿನ ಅಧ್ಯಾಪಕರು ಸಂಶೋಧನ ಲೇಖನಗಳಾಗಿ ಬರೆದಿದ್ದಾರೆ. ಖಾಸಗಿ ಸಂಸ್ಥೆ, ಹಣವಿದೆ ಎಂದು ಇದನ್ನು ಬದಿಗಿಡುವುದು ಸುಲಭ. ಆದರೆ ಈ ಕೆಲಸದ ತಿರುಳಾದ ಕೂಡಿ ಪಾಠ ಕಟ್ಟುವುದು, ಒಬ್ಬರ ತರಗತಿಗೆ ಇನ್ನೊಬ್ಬರು ಹೋಗುವುದು, ಆಗಿದ್ದನ್ನು ಬರೆದಿಡುವುದು ಹಣದಿಂದ ಆಗುವಂಥದ್ದಲ್ಲ. ಅದಕ್ಕೆ ಬೇಕಾದದ್ದು ಸಮಯ ಮತ್ತು ವಿಭಾಗದ ಮುಖ್ಯಸ್ಥರ ಒಪ್ಪಿಗೆ. ಅಪಾಯ ಇರುವುದು ಇನ್ನೊಂದು ಕಡೆ: ಮಾನ್ಯತೆಗಾಗಿ ಕಲಿಕೆಯ ಫಲಿತಾಂಶಗಳ ಕೋಷ್ಟಕ ತುಂಬುವುದೇ ಸುಧಾರಣೆ ಎಂದಾಗಿಬಿಟ್ಟರೆ ಎಂಜಿನಿಯರಿಂಗ್ ಕಾಲೇಜುಗಳಲ್ಲೂ ತರಗತಿ ಹಿಂದಿನಂತೆಯೇ ಉಳಿಯುತ್ತದೆ.

ಹೊಸ ಅಧ್ಯಾಪಕರು ತಮ್ಮ ವಿಷಯದಲ್ಲಿ, ತಮ್ಮ ವಿಭಾಗದಲ್ಲಿ, ತಮ್ಮ ಎದುರಿಗಿರುವ ವಿದ್ಯಾರ್ಥಿಗಳ ಮೇಲೆ, ಮೊದಲ ಎರಡು ವರ್ಷಗಳಲ್ಲೇ ಬೋಧನೆಯ ವಿದ್ಯೆ ಕಲಿಯಬೇಕು. ಅದಕ್ಕೆ ಮೊದಲ ವರ್ಷ 16 ಗಂಟೆಯ ಹೊರೆಯನ್ನು 12ಕ್ಕೆ ಇಳಿಸಿ, ಉಳಿದ ನಾಲ್ಕು ಗಂಟೆಗಳಲ್ಲಿ ಒಂದನ್ನು ಹಿರಿಯರ ತರಗತಿಯಲ್ಲಿ ಕೂರಲು, ಒಂದನ್ನು ತಮ್ಮ ತರಗತಿಯಲ್ಲಿ ಕೂತ ಹಿರಿಯರೊಂದಿಗೆ ಮಾತಾಡಲು, ಎರಡನ್ನು ಪಾಠ ಮತ್ತು ಪ್ರಶ್ನೆ ಕಟ್ಟಲು ಕೊಡಬೇಕು. ತರಗತಿಗೆ ಬಂದು ಕೂತವರ ಮಾತು ಬಡ್ತಿಯ ಕಡತಕ್ಕೆ ಹೋಗಕೂಡದು. ಹೋದರೆ ಯಾರೂ ತಮ್ಮ ಎಡವಟ್ಟನ್ನು ತೋರಿಸುವುದಿಲ್ಲ. ನಾರ್ವೆ 2019ರಿಂದ ಕನಿಷ್ಠ 200 ಗಂಟೆಗಳ ಬೋಧನಾ ತರಬೇತಿಯನ್ನು ವಿಶ್ವವಿದ್ಯಾಲಯದ ಅಧ್ಯಾಪಕರಿಗೆ ಕಡ್ಡಾಯ ಮಾಡಿದೆ. ವಾರಕ್ಕೆ ನಾಲ್ಕು ಗಂಟೆಯಂತೆ ಎರಡು ಸೆಮಿಸ್ಟರಿನ ಲೆಕ್ಕ ಅದಕ್ಕಿಂತ ಕಡಿಮೆಯೇ ಆಗುತ್ತದೆ.

ಇದಕ್ಕಿಂತ ಮುಂಚೆಯೇ ಆರಂಭಿಸಲು ಅವಕಾಶವೂ ಇದೆ. 2022ರ ಪಿಎಚ್.ಡಿ. ನಿಯಮಗಳು ಪ್ರತಿ ಸಂಶೋಧನಾರ್ಥಿಯೂ ತನ್ನ ವಿಷಯದ ಬೋಧನೆಯಲ್ಲಿ ತರಬೇತಿ ಪಡೆಯಬೇಕೆನ್ನುತ್ತವೆ. ವಾರಕ್ಕೆ 4ರಿಂದ 6 ಗಂಟೆ ಟ್ಯುಟೋರಿಯಲ್, ಪ್ರಯೋಗಾಲಯ, ಮೌಲ್ಯಮಾಪನದ ಕೆಲಸ ಕೊಡಬಹುದೆನ್ನುತ್ತವೆ. ಕರ್ನಾಟಕ ವಿಶ್ವವಿದ್ಯಾಲಯವೂ ಕೃಷಿ ವಿಶ್ವವಿದ್ಯಾಲಯವೂ ಐಐಟಿಯೂ ಒಂದೇ ಊರಿನಲ್ಲಿರುವಾಗ, ಸಂಶೋಧನಾರ್ಥಿಗಳು ಒಬ್ಬರ ಟ್ಯುಟೋರಿಯಲ್ಲನ್ನು ಇನ್ನೊಬ್ಬರು ನೋಡುವ ವ್ಯವಸ್ಥೆ ಮಾಡುವುದು ಕಷ್ಟವಲ್ಲ. ಸಂಶೋಧನಾರ್ಥಿಯನ್ನು ರಜೆ ಹಾಕಿದ ಅಧ್ಯಾಪಕರ ಬದಲಿಗೆ ತರಗತಿಗೆ ಕಳಿಸಿ ಅದನ್ನೇ ತರಬೇತಿ ಎಂದು ಬರೆದುಕೊಳ್ಳುವ ರೂಢಿ ಮಾತ್ರ ನಿಲ್ಲಬೇಕು.

ಅತಿಥಿ ಉಪನ್ಯಾಸಕರನ್ನು ಬಿಟ್ಟು ಈ ಮಾತು ಪೂರ್ಣವಾಗುವುದಿಲ್ಲ. ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಅವರ ಸಂಖ್ಯೆ 10 ಸಾವಿರವನ್ನು ದಾಟಿದೆ. ವಿಶ್ವವಿದ್ಯಾಲಯದ ವಿಭಾಗಗಳಲ್ಲೂ ಖಾಲಿ ಹುದ್ದೆಗಳ ಪಾಠ ಅವರ ಮೇಲೆಯೇ ಬಿದ್ದಿದೆ. ಬಡ್ತಿಗೆ ಕಟ್ಟಿದ ತರಬೇತಿ ಬಡ್ತಿಯೇ ಇಲ್ಲದವರನ್ನು ಮುಟ್ಟುವುದಿಲ್ಲ. ಮುಂದಿನ ವರ್ಷ ಕೆಲಸ ಇರುತ್ತದೋ ಇಲ್ಲವೋ ತಿಳಿಯದವರು, ಎರಡು ಕಾಲೇಜುಗಳ ನಡುವೆ ಓಡಾಡುವವರು, ಸ್ವಂತ ಖರ್ಚಿನಲ್ಲಿ ಬೋಧನಾ ವಿಧಾನ ಕಲಿಯಲಿ ಎಂದು ಬಯಸುವುದು ಅನ್ಯಾಯ. ಅವರ ಒಪ್ಪಂದದಲ್ಲೇ ವಾರಕ್ಕೆ ಎರಡು ಗಂಟೆಯನ್ನು ಸಹೋದ್ಯೋಗಿಗಳ ತರಗತಿ ನೋಡಲು, ಕೂಡಿ ಪಾಠ ತಯಾರಿಸಲು ಮೀಸಲಿಟ್ಟು, ಆ ಗಂಟೆಗಳಿಗೂ ಪಾಠದ ಗಂಟೆಯಷ್ಟೇ ಸಂಭಾವನೆ ಕೊಡಬೇಕು.